ಜರಡಿ ಹಿಡಿದ ಹಿಟ್ಟು

ರಾಮಕೃಷ್ಣಪುರಂ, ದೆಹಲಿ
ಮೇ 2006

ಪ್ರೊಫೆಸರ್ ದೇವೇಂದ್ರಪ್ಪನವರಿಗೆ,

ನಿಮ್ಮ ವಿದ್ಯಾರ್ಥಿನಿ ಸಹನಾಳ ತಾಯಿ ಕಮಲಾಕ್ಷಿಯ ನಮಸ್ಕಾರಗಳು. ಫೋನಿನಲ್ಲಿ ಹೇಳಲು ನಾಚಿಕೆಯಾಗಿ ಬರೆಯುತ್ತಿದ್ದೇನೆ.

ಲ್ಯಾಬಿನಲ್ಲಿ ರಿಪೇರಿ ನಡೆದಿದೆಯೆಂದು ಸಹನಾ ಹಿಟ್ಟಿನ ಬಾಟಲಿಯೊಂದನ್ನು ತಂದು ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಇಟ್ಟಿದ್ದಳು. ಒಂದು ಜೀವಿಯ ಸಂತತಿ ಹೇಗೆ ನಶಿಸುತ್ತದೆಂದು ಅದರೊಳಗಿನ ಹುಳಗಳಲ್ಲಿ ನೀವು ನೋಡುತ್ತಿದ್ದೀರೆಂದು ನನಗೆ ತಿಳಿದಿರಲಿಲ್ಲ. ಹಿಟ್ಟಿಗೆ ಹುಳ ಬಿದ್ದಿದೆ, ಓದುವ ಹುಡುಗಿಗೆ ಪುರುಸೊತ್ತೆಲ್ಲಿ ಎಂದುಕೊಂಡು ಕ್ವಾರ್ಟರ್ಸಿನ ತಾರಸಿಯ ಬಿಸಿಲಿಗೆ ಹರವಿ, ಜರಡಿ ಹಿಡಿದು, ಮತ್ತೆ ಬಾಟಲಿಗೆ ತುಂಬಿಟ್ಟೆ.

ಭಾನುವಾರ ನೀವು ಊಟಕ್ಕೆ ಬಂದಾಗ ಅವಳು ಅದನ್ನು ತೋರಿಸಿದಳು. “ಸರ್, ಸಬ್ ಖತಮ್! ಸತ್ತಿರೋದು ಕೂಡ ಒಂದೂ ಕಾಣ್ತಿಲ್ಲ,” ಎಂದಳು.

“ಒಂದನ್ನೊಂದು ತಿಂದು ಮುಗಿಸಿವೆ ಕಣಮ್ಮಾ. ಇದನ್ನ ಬರೀಲೇಬೇಕು,” ಎಂದು ನೀವು ಎಷ್ಟು ಸಂತೋಷಪಟ್ಟಿರಿ! ಚಪಾತಿ ಬಡಿಸುತ್ತಿದ್ದ ನನಗೆ ಆಗ ಎಲ್ಲವೂ ಅರ್ಥವಾಯಿತು. ಇನ್ನೊಂದು ಚಪಾತಿ ತರುವ ನೆಪದಲ್ಲಿ ಒಳಗೆ ಹೋದೆ.

ದಯವಿಟ್ಟು ಅದನ್ನು ಬರೆಯಬೇಡಿ. ಆ ಹುಳಗಳ ವಂಶ ತಾನಾಗಿ ಅಳಿದದ್ದಲ್ಲ. ಸಹನಾಳಿಗೆ ಈ ಸಂಜೆ ನಾನೇ ಹೇಳುತ್ತೇನೆ. ಅವಳನ್ನು ಬೈಯಬೇಡಿ, ತಪ್ಪು ಅವಳದಲ್ಲ.

ಇನ್ನೊಂದು ಮಾತಿದೆ. ಅಂದು ಡಬ್ಬಿಯ ಹಿಟ್ಟು ಸಾಲದೆ ಬಾಟಲಿಯಿಂದ ಎರಡು ಹಿಡಿ ತೆಗೆದು ಕಲಸಿದ್ದೆ. ನೀವು ಮೆಚ್ಚಿ, ಮತ್ತೆ ಕೇಳಿ ಹಾಕಿಸಿಕೊಂಡ ಚಪಾತಿ ಆ ಹಿಟ್ಟಿನದೇ. ಜರಡಿಯನ್ನು ಮಾತ್ರ ಎರಡು ಸಲ ಹಿಡಿದಿದ್ದೆ.

ನಿಮಗೆ ಮುಖ ತೋರಿಸಲಾರದ,
ಕಮಲಾಕ್ಷಿ