ಸೋಫಾದ ಸಂದಿಯಲ್ಲಿ ಸಿಕ್ಕ ಕಾಗದ

ಅಂಗಡಿಯ ಹಿಂದಿನ ಕೋಣೆ
ಗುರುವಾರ, ವರ್ಷದ ಲೆಕ್ಕ ಮುಗಿಯಲು ಇನ್ನು ಆರು ದಿನ

ಪ್ರೀತಿಯ ಸೊಸೆಗೆ,

ನಿಮ್ಮಮ್ಮನ ಸೊಂಟದ ಮೂಳೆ ಕೂಡಿಕೊಂಡಿತೇ? ಕೋಲು ಹಿಡಿದು ನಡೆಯುತ್ತಾರೋ, ಇಲ್ಲ ನಿನ್ನ ಹೆಗಲನ್ನೇ ಕೋಲು ಮಾಡಿಕೊಂಡಿದ್ದಾರೋ? ನಿನ್ನ ಊಟ ನಿದ್ದೆಯ ವಿಷಯವನ್ನೂ ಬರೆ. ಫೋನಿನಲ್ಲಿ "ಚೆನ್ನಾಗಿದೀನಿ ಅತ್ತೆ" ಅಂದದ್ದನ್ನು ನಾನು ನಂಬಿಲ್ಲ.

ಇಲ್ಲಿ ನಿನ್ನ ಸೋಫಾ ರಿಪೇರಿ ಅಂಗಡಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ. ಆ ಲೆಕ್ಕಪತ್ರದವನು ಈ ವಾರ ಮೂರು ಸಲ ಬಂದ. ದಾರದ ಉಂಡೆಯ ರಸೀದಿಯನ್ನೂ ಬಿಡುವುದಿಲ್ಲ. "ಅಜ್ಜಿ, ಹೊಸ ಹೊಲಿಗೆ ಮೆಷಿನ್ ಈ ವರ್ಷದ ಖರ್ಚಿಗೆ ಸೇರಬೇಕಾದ್ರೆ ಕೊಂಡುಕೊಂಡ್ರೆ ಸಾಲದು, ವರ್ಷ ಮುಗಿಯೋದ್ರೊಳಗೆ ಅದ್ರಲ್ಲಿ ಕೆಲಸ ಶುರುವಾಗ್ಬೇಕು" ಅಂದ. ತೆರಿಗೆ ಉಳಿಸುತ್ತೇನೆಂದು ಖರ್ಚು ಮಾಡಿಸುವವನನ್ನು ಹೇಗೆ ನಂಬುವುದು? ಮೆಷಿನ್ ಮಾರುವವನ ಭಾವಮೈದುನನೇ ಇರಬೇಕು ಎಂದುಕೊಂಡೆ. ಅವನು ಹೋದ ಮೇಲೆ ಮೇಜಿನ ಪೆನ್ನುಗಳನ್ನು ಎಣಿಸಿದರೆ ಒಂದು ಹೆಚ್ಚಿಗೆ ಇತ್ತು. ಅದಕ್ಕೂ ಅನುಮಾನ ಬಂತು.

ಮೆಷಿನ್ ಬಂದಿದೆ, ನಿನ್ನೆಯವರೆಗೂ ಪೆಟ್ಟಿಗೆ ಬಿಚ್ಚಿರಲಿಲ್ಲ. "ಅವಳು ಕಾಗದಕ್ಕೆ ಸಹಿ ಹಾಕ್ಲಿ, ಆಮೇಲೆ ಬಿಚ್ಚೋಣ" ಅನ್ನುತ್ತಾನೆ ನಿನ್ನ ಗಂಡ. ನಿನ್ನೆ ಬಿಡುವಿತ್ತೆಂದು, ಗಿರಾಕಿಗಳು ಕೂರುವ ನಮ್ಮದೇ ಹಳೆಯ ಸೋಫಾದ ಬಟ್ಟೆ ಬದಲಿಸಲು ಹೊರಟೆ. ನಮ್ಮ ಪದ್ಧತಿ ಗೊತ್ತಲ್ಲ, ಕತ್ತರಿ ಹಾಕುವ ಮೊದಲು ಸಂದಿಗೆಲ್ಲ ಕೈ ಹಾಕಿ ನೋಡಬೇಕು. ಸಿಕ್ಕಿದ್ದು ಗುಂಡಿಯಾದರೂ ಒಡೆಯರಿಗೆ ಮುಟ್ಟಿಸಬೇಕು. ಯಾರದೋ ಹಲ್ಲಿನ ಸೆಟ್ಟನ್ನು ಅವರ ಮನೆತನಕ ಹೋಗಿ ಕೊಟ್ಟು ಬಂದವಳು ನೀನು. ಈ ಸಲ ಸಿಕ್ಕಿದ್ದು ಎರಡು ಹೇರ್‌ಪಿನ್ನು, ಒಂದು ಅಳತೆ ಟೇಪು, ನಾಲ್ಕಾಗಿ ಮಡಿಸಿದ ಒಂದು ಕಾಗದ. ಸಿಕ್ಕಿಬಿದ್ದ ಲೆಕ್ಕದವನು ಎಂದು ಹಿಗ್ಗಿ ಕನ್ನಡಕ ಹುಡುಕಿದೆ. ಆದರೆ ಅಕ್ಷರ ಅವನದಲ್ಲ. ಆ ಅಕ್ಷರವನ್ನು ಕೈಹಿಡಿದು ತಿದ್ದಿಸಿದವಳೇ ನಾನು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮುದ್ದೇ, ಇಲ್ಲವೆನ್ನುವುದಿಲ್ಲ. ಆದರೆ ಹೆಗ್ಗಣ ಗೋಡೆ ಕೊರೆಯುವಾಗ ಸುಮ್ಮನೆ ಕೂರುವುದು ನನ್ನಿಂದಾಗದು. ನಿಮ್ಮಮ್ಮ ಬೇಗ ಎದ್ದು ಓಡಾಡಲಿ. ನೀನು ನೂರು ಕಾಲ ಗಟ್ಟಿಯಾಗಿರು ಮಗಳೇ.

ಇಂತಿ,
ಯಾರನ್ನೂ ನಂಬದ ನಿನ್ನ ಅತ್ತೆ

ಮರೆತ ಮಾತು: ನನ್ನ ಮಗ ಬರುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಮೆಷಿನ್ನಿನ ಕಾಗದ, ತೆರಿಗೆ ಉಳಿಸುವುದಕ್ಕೆ ಎಂದು ನಿನ್ನ ಗಂಡ ಒಂದು ಕಟ್ಟು ಕಳಿಸುತ್ತಾನೆ. ಸಹಿ ಹಾಕಬೇಡ. ನಿನ್ನ ಹೆಸರಿನಲ್ಲಿರುವ ಅಂಗಡಿಯನ್ನು ಪೂರ್ತಿ ಅವನ ಹೆಸರಿಗೆ ಬರೆದುಕೊಡುವ ಹಾಳೆ ಅದರ ನಡುವೆ ಇರುತ್ತದೆ. ಸೋಫಾದಲ್ಲಿ ಸಿಕ್ಕಿದ್ದು ಅದರದೇ ಕರಡು. ಲೆಕ್ಕದವನಿಗೆ ತೋರಿಸಿದೆ. "ಇದ್ರಿಂದ ಒಂದು ಕಾಸು ತೆರಿಗೆನೂ ಉಳಿಯಲ್ಲ ಅಜ್ಜಿ" ಅಂದ. ಅವನ ಪೆನ್ನು ಅವನಿಗೆ ಕೊಟ್ಟೆ. ಮೆಷಿನ್ನಿನ ಪೆಟ್ಟಿಗೆ ನಾನೇ ಬಿಚ್ಚಿದ್ದೇನೆ, ಹೊಲಿಗೆ ಶುರುವಾಗಿದೆ. ಆ ಕರಡು ಇದೇ ಲಕೋಟೆಯಲ್ಲಿದೆ. ಸಿಕ್ಕಿದ್ದನ್ನು ಒಡತಿಗೆ ಮುಟ್ಟಿಸಿದ್ದೇನೆ.