ಅಟ್ಟಕ್ಕೆ ಬಿಟ್ಟ ನೀರು

ತಿಪಟೂರು
4 ಆಗಸ್ಟ್ 2025

ಯೋಗೀಶ್ ಅವರಿಗೆ,

ನಿಮ್ಮ ಕ್ಷೇಮ ಕೇಳುವ ಮನಸ್ಸಿಲ್ಲ, ಕೇಳುತ್ತಿಲ್ಲ. ಫೋನಿನಲ್ಲಾದರೆ ಮಾತು ತೇಲಿಸಿಬಿಡುತ್ತೀರಿ, ಅದಕ್ಕೇ ಈ ಕಾಗದ. ನಿಮ್ಮ ವಿಡಿಯೋ ನೋಡಿದೆ. ಹೇಸಿಗೆಯಾಯಿತು. ಗಂಡನಿಗೆ ಬರೆಯುವ ಮಾತಲ್ಲ ಇದು. ಆದರೆ ಮೈಸೂರಲ್ಲಿ ನೀವು, ಇಲ್ಲಿ ನಾನು ಎಂದು ಬೇರೆಯಾದ ಮೇಲೆ ದಾಕ್ಷಿಣ್ಯ ಯಾರಿಗೆ ಬೇಕು?

ವಿಪತ್ತು ನಿರ್ವಹಣೆಯ ಪಾಠವನ್ನು ನಿಮ್ಮ ವಿಶ್ವವಿದ್ಯಾಲಯವೂ ನಮ್ಮ ಕಾಲೇಜೂ ಸೇರಿ ಸುಧಾರಿಸೋಣ ಎಂದು ನೀವು ಕೇಳಿದಾಗ ಎಷ್ಟು ಹಿಗ್ಗಿದ್ದೆ. ನಮ್ಮ ಮಕ್ಕಳು ಸುನಾಮಿಯ ಬಗ್ಗೆ ಪುಟಗಟ್ಟಲೆ ಉರು ಹೊಡೆಯುತ್ತಾರೆ, ಪಕ್ಕದ ಮನೆಯ ಕೊಬ್ಬರಿ ಅಟ್ಟಕ್ಕೆ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ತಿಳಿಯದು. ಅದನ್ನೇ ಪಾಠ ಮಾಡೋಣ ಎಂದೆ, ಒಪ್ಪಿದಿರಿ. ಆಮೇಲೆ ದಿನಾ ಸಂಜೆ ಫೋನು. ಪಾಠದ ನೆಪದಲ್ಲಾದರೂ ನಾವಿಬ್ಬರೂ ಮತ್ತೆ ಮಾತಾಡುವಂತಾಯಿತಲ್ಲ ಎಂದು ಒಳಗೊಳಗೇ ಖುಷಿಪಟ್ಟಿದ್ದೆ. ಅದನ್ನು ನೆನೆದರೆ ಈಗ ನನ್ನ ಬಗ್ಗೆಯೇ ಅಸಹ್ಯವಾಗುತ್ತದೆ.

ಬೆಂಕಿ ನಂದಿಸುವ ಅಣಕು ಕಾರ್ಯಾಚರಣೆಗೆ ದಬ್ಬೇಘಟ್ಟದ ನಿಮ್ಮ ದೊಡ್ಡಮ್ಮನ ಮನೆ ಗೊತ್ತುಮಾಡಿದೆವು. ಖಾಲಿ ಕೊಟ್ಟಿಗೆಯಲ್ಲಿ ಹೊಗೆ ಹಾಕುವುದು, ಅಂಗಳದಲ್ಲಿ ನೀರು ಬಿಡುವುದು, ಅಷ್ಟೇ ಎಂದು ಮಾತಾಗಿತ್ತು. ಮೈಸೂರಿನಿಂದ ನೀವು ಕರೆತಂದಿದ್ದ ಅತಿಥಿಗಳ ಕ್ಯಾಮೆರಾಕ್ಕೆ ಅದು ಸಪ್ಪೆಯಾಯಿತು. ಬೋರ್‌ವೆಲ್ ಪೈಪನ್ನು ಕಾಯಿ ತುಂಬಿದ್ದ ಅಟ್ಟದೊಳಕ್ಕೇ ತಿರುಗಿಸಿದಿರಿ. ತಿಂಗಳುಗಟ್ಟಲೆ ಒಣಗಿ, ಒಳಗಿನ ನೀರೆಲ್ಲ ಬತ್ತಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಉರುಳುವ ಹದಕ್ಕೆ ಬಂದಿದ್ದ ಕಾಯಿ. ಸಿದ್ದಗಂಗಮ್ಮ ದೊಡ್ಡಮ್ಮ ಓಡಿ ಬಂದು, "ಒಳಕ್ಕೆ ಬುಡಬ್ಯಾಡ ಕಣಪ್ಪ, ಕಾಯೆಲ್ಲ ಕೆಟ್ಟೋಯ್ತವೆ," ಎಂದು ಕೈ ಮುಗಿದರು. ನೀವು ಕೇಳಿಸದವರ ಹಾಗೆ ನಿಂತಿರಿ. ರಸ್ತೆಯಲ್ಲಿ ವಿದ್ಯಾರ್ಥಿಗಳನ್ನು ಸಾಲು ನಿಲ್ಲಿಸುತ್ತಿದ್ದ ನಾನು ಬಂದು ಮೋಟಾರ್ ಆರಿಸುವಷ್ಟರಲ್ಲಿ ಅಟ್ಟ ತೊಟ್ಟಿಕ್ಕುತ್ತಿತ್ತು.

ಅತಿಥಿಗಳಿಗೆ ಗೊತ್ತಿಲ್ಲ, ಸರಿ. ನೀವು ಆ ಅಟ್ಟದ ಕೆಳಗೇ ಉಂಡು ಮಲಗಿ ಬೆಳೆದವರು. ತಾಯಿಯಿಲ್ಲದ ನಿಮ್ಮನ್ನು ಸಾಕಿದ್ದು ಆ ಕೈಗಳೇ. ವಿಡಿಯೋದಲ್ಲಿ ಅವರು ಕೈ ಮುಗಿಯುವ ದೃಶ್ಯದ ಕೆಳಗೆ ‘ಸ್ಥಳೀಯರಲ್ಲಿ ಅರಿವಿನ ಕೊರತೆ’ ಎಂದು ಬರೆಸಿದ್ದೀರಿ. ಹಿಂದೆ ಸಂಗೀತ ಬೇರೆ. ಅವರು ಯಾರೆಂದು ನಿಮ್ಮವರಿಗೆ ಹೇಳಲೇ ಇಲ್ಲ, ಅಲ್ಲವೇ?

ನಿನ್ನೆ ಹೋಗಿದ್ದೆ. ಬಾಗಿಲಲ್ಲೇ ಮುಗ್ಗಲು ವಾಸನೆ. ಒಡೆದ ಕಾಯಿಯಲ್ಲೆಲ್ಲ ಬೂಷ್ಟು, ಮುಟ್ಟಿದರೆ ಬೆರಳಿಗೆ ಲೋಳೆ. ಸೋಪು ಹಾಕಿ ತಿಕ್ಕಿದರೂ ಆ ನಾತ ಕೈಬಿಟ್ಟಿಲ್ಲ. ವರ್ಷದ ಫಸಲು ತಿಪ್ಪೆಗೆ ಹೋಯಿತು.

ಬರುವ ಸೋಮವಾರ ನಮ್ಮನ್ನೂ ಕರೆದಿರುವ ಸಭೆಯಲ್ಲಿ ಇದನ್ನೇ ಮಾದರಿ ಪಾಠವೆಂದು ಎಲ್ಲ ಕಾಲೇಜುಗಳಿಗೆ ಒಪ್ಪಿಸುತ್ತೀರಂತೆ. ಮುಂದಿನ ವರ್ಷ ನಮ್ಮ ತರಗತಿಯಲ್ಲಿ ಇದನ್ನು ತೋರಿಸಿ ನಾನು ಪಾಠ ಮಾಡಬೇಕೇನು? ಆಗಿದ್ದನ್ನು ಆಗಿದ್ದ ಹಾಗೆ ನೀವೇ ಹೇಳಿ. ಕೆಟ್ಟುಹೋದ ಕಾರ್ಯಾಚರಣೆಯಿಂದಲೂ ಮಕ್ಕಳು ಕಲಿಯುತ್ತಾರೆ, ಮುಚ್ಚಿಟ್ಟರೆ ಏನು ಕಲಿತಾರು? ನೀವು ಬಾಯಿ ಬಿಡದಿದ್ದರೆ ನಾನು ಎದ್ದು ನಿಂತು ಹೇಳುತ್ತೇನೆ. ಆಮೇಲೆ ನಮ್ಮಿಬ್ಬರದು ಏನಾದರೂ ಆಗಲಿ.

ಇಂತಿ,
ಲಿಖಿತಾ

ವಿ.ಸೂ.: ಇದನ್ನು ನಿಮಗೆ ಹೇಳಬಾರದೆಂದು ದೊಡ್ಡಮ್ಮ ಆಣೆ ಮಾಡಿಸಿಕೊಂಡಿದ್ದಾರೆ, ಹೇಳುತ್ತಿದ್ದೇನೆ. ಪೈಪಿನ ನೀರು ಬಿದ್ದದ್ದು ಒಂದಿಷ್ಟೇ, ಮಳೆಗೆ ಹೆಂಚು ಸೋರಿ ಕಾಯಿ ಕೆಟ್ಟವು ಎಂದು ಅವರು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. "ನಮ್ ಹುಡ್ಗನ ಹೆಸ್ರು ಕೆಡಬಾರ್ದು ಕಣೇ," ಎಂದರು. ನಾನು ಹೊರಡುವಾಗ ಅವರ ಆಳು ಗಿಡ್ಡಯ್ಯ, ಅವರು ಹೇಳಿದಂತೆ ಮನೆಯ ಮೇಲೆ ಹತ್ತಿ, ಒಂದು ಹನಿಯೂ ಸೋರದ ಹೆಂಚುಗಳನ್ನು ಕಿತ್ತು ಕೆಳಗಿಳಿಸುತ್ತಿದ್ದ.