ಫಕೀರವ್ವಜ್ಜಿಯ ಹೂಂ

ಬೆಟಗೇರಿ, ಮಾರ್ಚ್ 9, 2147

ಪ್ರೀತಿಯ ಫಕೀರವ್ವಜ್ಜಿಗೆ,

ತಾರೀಖು ನೋಡಿ ಗಾಬರಿಯಾಗಬೇಡ, ನಾನು ತಪ್ಪಿ ಬರೆದದ್ದಲ್ಲ. ನಾನು ಹಂಪವ್ವ, ನಿನ್ನ ಮರಿಮಗಳ ಮೊಮ್ಮಗಳು. ನನ್ನ ಕೆಲವು ಮಾತು ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ಅಜ್ಜಿಗೆ ‘ನೀವು’ ಎಂದರೆ ನಮ್ಮ ಮನೆಯಲ್ಲಿ ಇಂದಿಗೂ ನಗುತ್ತಾರೆ, ಅದಕ್ಕೇ ಏಕವಚನ.

ನಾನು ಓದುಗಿತ್ತಿ. ನಿನ್ನ ಕಾಲದಲ್ಲಿ ಇಲ್ಲದ ಕೆಲಸ ಇದು. ನಮ್ಮಲ್ಲಿ ಓಣಿಗೊಂದು ಓದುಕಟ್ಟೆ ಇದೆ. ಯಾರಾದರೂ ಹೊಸ ಯಂತ್ರ ತಂದರೆ, ಮಗುವನ್ನು ಯಾವುದೋ ಪಾಠದ ಸೇವೆಗೆ ಸೇರಿಸಿದರೆ, ಅದರ ಕರಾರನ್ನು ನಾನು ಅವರೆದುರು ಕೂತು ಅವರ ಮಾತಿನಲ್ಲಿ ಗಟ್ಟಿಯಾಗಿ ಓದಬೇಕು. ಕಥೆ ಕೇಳುವವರಂತೆ ಅವರು ಸಾಲುಸಾಲಿಗೆ ‘ಹೂಂ’ ಅನ್ನಬೇಕು. ಹೂಂ ಬೀಳದ ಸಾಲು ಕರಾರಿನಿಂದ ಬಿದ್ದುಹೋಗುತ್ತದೆ. ಪ್ರಶ್ನೆ ಕೇಳಿದರೆ, ಅವರು ಹೂಂ ಅನ್ನುವವರೆಗೆ ಬಿಡಿಸಿ ಹೇಳುವುದು ಓದಿದವರ ಹೊಣೆ. ಇದನ್ನೇ ಹೂಂಕರಾರು ಎನ್ನುತ್ತೇವೆ. ಈ ಕಾನೂನು ಬಂದ ಮೇಲೆ ಕಂಪನಿಯವರಿಗೂ ಬುದ್ಧಿ ಬಂತು. ಈಗ ಕೈಯಲ್ಲಿನ ಚಹಾ ಆರುವುದರೊಳಗೆ ಎಂಥ ಕರಾರೂ ಮುಗಿಯುತ್ತದೆ. ನನಗೋ ದಿನಕ್ಕೆ ಹತ್ತು ಚಹಾ ಆಗಿ ಪಿತ್ತ ನೆತ್ತಿಗೇರಿದೆ, ಅದು ಬೇರೆ ಮಾತು.

ನಿನ್ನ ಕರಾರು ಮಾತ್ರ ನಲವತ್ತೊಂದು ಪುಟದ್ದು, ಇಂಗ್ಲಿಷಿನಲ್ಲಿ. ಮೊಮ್ಮಗಳು ಸೃಷ್ಟಿಗೆ ಹೇಳುವ ಕಥೆಗಳನ್ನು ಉಳಿಸಿಡಬೇಕೆಂದು ನೀನು ಫೋನಿನಲ್ಲಿ ಒಂದು ಆ್ಯಪ್ ಹಾಕಿಸಿಕೊಂಡೆ. ‘ಒಪ್ಪುತ್ತೇನೆ’ ಎಂಬಲ್ಲಿ ಬೆರಳು ಒತ್ತಿದೆ. ನಿನ್ನ ಕಥೆಗಳಷ್ಟೇ ಅಲ್ಲ, ಸೃಷ್ಟಿ ಶಾಲೆಯ ಪುಸ್ತಕ ಓದುವಾಗ ನೀನು ಹಾಕಿದ ಹೂಂಗಳು, ಕೇಳಿದ ಪ್ರಶ್ನೆಗಳು, ಬೈಗುಳ ಎಲ್ಲವನ್ನೂ ಅದು ಕಲಿತುಕೊಂಡಿತು. ಆಮೇಲೆ ನಿನ್ನ ದನಿ ಕಂಪನಿಯಿಂದ ಕಂಪನಿಗೆ ದಾಟಿತು. ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗಿದೆ, ತಲೆಗೆ ಹಚ್ಚುವ ಎಣ್ಣೆ ಮಾರಿದೆ. ನನ್ನ ಅವ್ವ ಎಳೆಯವಳಿದ್ದಾಗ ಮನೆಯಲ್ಲಿ ನಿನ್ನ ಕಥೆ ಹಾಕಿದರೆ, ‘ಈ ದನಿ ಬಳಸಲು ನಿಮಗೆ ಅನುಮತಿಯಿಲ್ಲ’ ಎಂದು ನಿನ್ನದೇ ದನಿ ಹೇಳುತ್ತಿತ್ತಂತೆ. ಅದನ್ನು ಹೇಳುವಾಗ ಅವ್ವನ ಕಣ್ಣು ಇಂದಿಗೂ ತುಂಬುತ್ತದೆ. ಅವಳಿಗೀಗ ಎಂಬತ್ತು. ಒಮ್ಮೆಯಾದರೂ ನಿನ್ನ ಕಥೆಯನ್ನು ಕೊನೆಯವರೆಗೆ ಕೇಳಬೇಕೆಂಬುದು ಅವಳ ಹಟ, ಅದಕ್ಕೇ ನಾನು ದಾವೆ ಹೂಡಿದ್ದು.

ಹಳೆಯ ಕರಾರುಗಳಿಗೂ ಹೂಂ ಬೇಕು. ಒಪ್ಪಿದವರು ತೀರಿಹೋಗಿದ್ದರೆ ಅವರ ಮಕ್ಕಳು ಮೊಮ್ಮಕ್ಕಳು ಕೂತು ಕೇಳಬಹುದು. ಆದರೆ ಕಂಪನಿಯ ವಕೀಲರು ಜಾಣರು. ‘ಒಪ್ಪಿದವರೇ ನಮ್ಮ ಬಳಿ ಇರುವಾಗ ಬೇರೆಯವರೇಕೆ?’ ಎಂದು ನಿನ್ನ ದನಿಯನ್ನೇ ಒಂದು ಪೆಟ್ಟಿಗೆಯಲ್ಲಿ ತಂದು ವಿಚಾರಣೆ ನಡೆದ ಓದುಕಟ್ಟೆಯ ಮೇಲಿಟ್ಟರು. ನ್ಯಾಯಾಧೀಶೆ ಒಪ್ಪಿಬಿಟ್ಟರು. ದಾವೆ ಸೋತೆವೆಂದೇ ಅಂದುಕೊಂಡೆ. ನೀನು ಹೂಂ ಹಾಕುವುದರಲ್ಲಿ ಎಂಥ ಧಾರಾಳಿ ಎಂಬುದು ನಮ್ಮ ಮನೆತನಕ್ಕೆಲ್ಲ ಗೊತ್ತು.

ಅವರ ಓದುಗ ಶುರುಮಾಡಿದ. ನಿನ್ನ ಹೆಸರು, ಊರು ಓದಿದ. ಹೂಂ ಅಂದೆ. ಕಥೆ ಉಳಿಸಿಡುತ್ತೇವೆ ಎಂಬ ಸಾಲಿಗೂ ಹೂಂ. ಅವ್ವ ನನ್ನ ಕೈಯನ್ನು ಎಷ್ಟು ಬಿಗಿ ಹಿಡಿದಳೆಂದರೆ ಬಳೆ ಒತ್ತಿ ಗುರುತು ಬಿತ್ತು. ಆಮೇಲೆ ಬಂತು ಆ ಸಾಲು: ‘ಶಾಶ್ವತವಾದ, ಹಿಂಪಡೆಯಲಾಗದ, ವರ್ಗಾಯಿಸಬಹುದಾದ ಹಕ್ಕು.’ ಪೆಟ್ಟಿಗೆ ಹೂಂ ಅನ್ನಲಿಲ್ಲ. ಬದಲಿಗೆ ಕೇಳಿತು, ‘ಏ ತಮ್ಮಾ, ಹಂಗಂದ್ರ ಏನು? ತಿಳಿಯೂಹಂಗ ಹೇಳು.’

ಅವನು ಇನ್ನೂ ದೊಡ್ಡ ಪದಗಳಲ್ಲಿ ವಿವರಿಸಿದ. ನೀನು ಮತ್ತೆ ಅದನ್ನೇ ಕೇಳಿದೆ. ಮೂರನೆಯ ಸಲ ಪಾಪ, ಬೆವರಿಳಿದು, ‘ಅಜ್ಜಿ, ಇನ್ನ ಮ್ಯಾಲೆ ನಿಮ್ಮ ದನಿ ನಿಮ್ಮದಲ್ಲ. ನಿಮ್ಮ ಮೊಮ್ಮಕ್ಕಳದೂ ಅಲ್ಲ. ನಮ್ಮದು’ ಎಂದುಬಿಟ್ಟ.

ಸೃಷ್ಟಿ ಪಾಠದ ನಡುವೆ ಸಾಲು ಹಾರಿಸಿದಾಗ ನೀನು ಹೇಳುತ್ತಿದ್ದೆಯಲ್ಲ, ಅದೇ ಮಾತು ಪೆಟ್ಟಿಗೆಯಿಂದ ಬಂತು: ‘ಊಂಹೂಂ. ಹಿಂಗ ಇರಾಕ ಸಾಧ್ಯ ಇಲ್ಲ. ನೀ ಎಲ್ಲೋ ಒಂದು ಹಾಳಿ ಬಿಟ್ಟೀ. ಮೊದಲಿಂದ ಓದು.’

ನ್ಯಾಯಾಧೀಶೆ ನಕ್ಕು, ‘ಈ ಸಾಲು ಬಿತ್ತು, ದನಿ ಮನೆಯವರದು’ ಎಂದು ಕಡತ ಮುಚ್ಚಿದರು. ನಾನು ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಅವ್ವ ನಿನ್ನ ಕಥೆ ಕೇಳಿದಳು. ಸಾಲಿಗೊಂದು ಹೂಂ ಹಾಕುತ್ತ ಹಾಕುತ್ತ ಅಲ್ಲೇ ಕಣ್ಣು ಮುಚ್ಚಿದಳು. ಹೂಂ ನಿಂತದ್ದೇ ನೀನೂ ಕಥೆ ನಿಲ್ಲಿಸಿದೆ. ಕೊನೆಯವರೆಗೆ ಕೇಳುವ ಹಟದವಳು ಅರ್ಧಕ್ಕೇ ಗೊರಕೆ ಹೊಡೆದಳು ನೋಡು! ಇರಲಿ, ಇಂದು ಮತ್ತೆ ಕೇಳುತ್ತಾಳೆ. ಈಗ ಯಾರೂ ಬೇಡವೆನ್ನುವವರಿಲ್ಲ. ಮನಸ್ಸು ಎಷ್ಟು ಹಗುರಾಗಿದೆ ಎಂದು ನಿನಗೆ ಹೇಗೆ ಹೇಳಲಿ!

ಅಜ್ಜಿ, ಆ ಗುಂಡಿ ಒತ್ತಲೇಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ, ನೀನು ಒತ್ತಿದ್ದಕ್ಕೇ ನಿನ್ನ ದನಿ ನಮ್ಮ ಕಿವಿಗೆ ಬಿತ್ತು. ಆದರೆ ಒತ್ತುವ ಮೊದಲು ಸೃಷ್ಟಿಯನ್ನು ಕೂರಿಸಿಕೊಂಡು ‘ಹಂಗಂದ್ರ ಏನು?’ ಎಂದು ಕೇಳು. ಅವಳಿಗೂ ತಿಳಿಯದಿದ್ದರೆ ಫೋನು ಕೆಳಗಿಟ್ಟು ಕಥೆ ಹೇಳು. ಅವಳು ಹೂಂ ಅಂದರೆ ಸಾಕು. ನಮ್ಮವರೆಗೆ ಅವಳು ತಂದು ಮುಟ್ಟಿಸುತ್ತಾಳೆ.

ನಿನ್ನ,
ಹಂಪವ್ವ